ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ: ವಾಂತಿಭೇದಿಯನ್ನು ಗೆದ್ದ ಬಾಂಗ್ಲಾದೇಶದ ತಾಯಂದಿರು

ಹಳ್ಳಿಯ ಮನೆಗಳಲ್ಲಿ ಮಗುವಿಗೆ ಭೇದಿಯಾಗುವುದು ಅಪರೂಪದ ಸಂಗತಿಯಲ್ಲ. ಮಳೆಗಾಲ ಬಂದಿತೆಂದರೆ ಓಣಿಗೊಂದು ಮನೆಯಲ್ಲಾದರೂ ಮಗುವೊಂದು ನಾಲ್ಕಾರು ಸಲ ಹೊಟ್ಟೆ ಹರಿದು ಬಳಲುತ್ತಿರುತ್ತದೆ. ಹೆಚ್ಚಿನ ಮಕ್ಕಳು ಎರಡು ಮೂರು ದಿನಗಳಲ್ಲಿ ಗುಣ ಹೊಂದುತ್ತಾರೆ. ಆದುದರಿಂದಲೇ ನಾವು ಈ ರೋಗವನ್ನು ಲಘುವಾಗಿ ಎಣಿಸುತ್ತೇವೆ. ಆದರೆ ಬೆಳಿಗ್ಗೆ ಆಟವಾಡುತ್ತಿದ್ದ ಮಗು ಸಂಜೆಯೊಳಗೆ ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿ, ತಾಯಿಯ ಕರೆಗೂ ಓಗೊಡದೆ ಮಲಗುವುದುಂಟು. ಆಗ ಮನೆಯವರು ದಿಕ್ಕು ತೋಚದವರಾಗುತ್ತಾರೆ. ಅಂತಹ ಹೊತ್ತಿನಲ್ಲಿ ಪತಿಪತ್ನಿಯರಿಬ್ಬರೂ ತಿಳಿದಿರಲೇಬೇಕಾದ ವಿಷಯವನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಇದನ್ನು ಜಗತ್ತಿಗೆ ಕಲಿಸಿಕೊಟ್ಟವರಲ್ಲಿ ನಮ್ಮ ನೆರೆಯ ಬಡ ದೇಶವೊಂದರ ಹಳ್ಳಿಯ ತಾಯಂದಿರು ಮುಖ್ಯರು ಎಂಬುದು ಗಮನಾರ್ಹವಾದುದು.

ರೋಗದ ಹೊರೆ ಎಂದರೇನು?

ಒಂದು ದೇಶದ ಜನರು ರೋಗಗಳಿಂದ ಕಳೆದುಕೊಳ್ಳುವ ಪ್ರಾಣ, ಆರೋಗ್ಯದ ದಿನಗಳು, ದುಡಿಮೆ ಮತ್ತು ಹಣ ಇವೆಲ್ಲವನ್ನೂ ಕೂಡಿಸಿ ಆ ದೇಶದ ‘ರೋಗದ ಹೊರೆ’ ಎಂದು ಕರೆಯುತ್ತಾರೆ. ಈ ಹೊರೆಯು ಎಲ್ಲರ ಹೆಗಲ ಮೇಲೂ ಸಮನಾಗಿ ಬೀಳುವುದಿಲ್ಲ. ಶುದ್ಧ ನೀರು, ಶೌಚಾಲಯ, ಸಾಕಷ್ಟು ಆಹಾರ, ಹತ್ತಿರದಲ್ಲಿ ಆಸ್ಪತ್ರೆ ಇಲ್ಲದ ಕಡೆ ಅದು ಹೆಚ್ಚಾಗಿರುತ್ತದೆ. ಅಲ್ಲಿಯೂ ಅತ್ಯಂತ ಹೆಚ್ಚಿನ ಭಾರವನ್ನು ಹೊರುವವರು ಐದು ವರ್ಷದೊಳಗಿನ ಮಕ್ಕಳು.

1980ರ ಸುಮಾರಿಗೆ ಜಗತ್ತಿನ ಬಡ ದೇಶಗಳಲ್ಲಿ ಪ್ರತಿ ವರ್ಷ ಸುಮಾರು 46 ಲಕ್ಷ ಎಳೆಯ ಮಕ್ಕಳು ಭೇದಿಯಿಂದ ಸಾಯುತ್ತಿದ್ದರೆಂದು ಅಂದಾಜು ಮಾಡಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ನೀಡಿದ ಅಂದಾಜಿನಂತೆ ಈ ಸಂಖ್ಯೆಯು ವರ್ಷಕ್ಕೆ ಸುಮಾರು 4 ಲಕ್ಷ 40 ಸಾವಿರಕ್ಕೆ ಇಳಿದಿದೆ. ಇಷ್ಟೊಂದು ಇಳಿಕೆಗೆ ಶುದ್ಧ ನೀರು, ಲಸಿಕೆ, ಪೌಷ್ಟಿಕ ಆಹಾರ ಮೊದಲಾದ ಹಲವು ಕಾರಣಗಳಿವೆ. ಅವುಗಳಲ್ಲಿ ಅತ್ಯಂತ ಅಗ್ಗವಾದುದೂ ಪ್ರತಿಯೊಂದು ಅಡುಗೆಮನೆಯಲ್ಲಿ ದೊರಕುವಂತಹುದೂ ಆದ ಒಂದು ಕಾರಣವಿದೆ. ಅದೇ ಉಪ್ಪು ಮತ್ತು ಸಿಹಿ ಬೆರೆಸಿದ ನೀರು.

ಭೇದಿಯಿಂದ ಮಗು ಸಾಯುವುದು ಹೇಗೆ?

ಒಂದು ಮನೆಯ ಸಂಗತಿಯನ್ನು ಊಹಿಸಿಕೊಳ್ಳಿರಿ. ಒಂದು ವರ್ಷದ ಮಗುವಿಗೆ ಬೆಳಗಿನಿಂದ ಭೇದಿಯಾಗುತ್ತಿದೆ. ಮಗು ನೀರಿಗಾಗಿ ಅಳುತ್ತಿದೆ. ತಾಯಿಯು ಲೋಟವನ್ನು ಎತ್ತಿಕೊಂಡಾಗ ಅತ್ತೆಯು, “ಬೇಡಮ್ಮ, ಹೊಟ್ಟೆ ಹರಿಯುವಾಗ ನೀರು ಕೊಟ್ಟರೆ ಇನ್ನಷ್ಟು ಹರಿಯುತ್ತದೆ. ಹೊಟ್ಟೆ ಒಣಗಲಿ ಬಿಡು” ಎನ್ನುತ್ತಾಳೆ. ಅತ್ತೆಯ ಮನಸ್ಸಿನಲ್ಲಿ ಕೆಡುಕಿಲ್ಲ. ತನ್ನ ಹಿರಿಯರಿಂದ ಕೇಳಿದುದನ್ನೇ ಆಕೆ ಹೇಳುತ್ತಿದ್ದಾಳೆ. ಆದರೆ ಆ ಮಾತು ತಪ್ಪು.

ಒಡೆದ ಕೊಡದಿಂದ ನೀರು ಸೋರುತ್ತಿರುವಾಗ, ಒಡಕು ಮುಚ್ಚುವವರೆಗೂ ಮೇಲಿನಿಂದ ನೀರು ಸುರಿಯುತ್ತಿದ್ದರೆ ಮಾತ್ರ ಕೊಡವು ತುಂಬಿರುತ್ತದೆ. ಮಗುವಿನ ದೇಹವೂ ಹಾಗೆಯೇ. ಭೇದಿಯ ಮೂಲಕ ನೀರು ಮಾತ್ರವಲ್ಲದೆ ದೇಹಕ್ಕೆ ಅವಶ್ಯವಾದ ಲವಣಗಳೂ ಹೊರಟುಹೋಗುತ್ತವೆ. ರಕ್ತದ ಪ್ರಮಾಣ ಕುಗ್ಗುತ್ತದೆ, ನಾಡಿ ಕ್ಷೀಣಿಸುತ್ತದೆ, ಮೂತ್ರ ನಿಲ್ಲುತ್ತದೆ. ಇದಕ್ಕೆ ನಿರ್ಜಲೀಕರಣವೆಂದು ಹೆಸರು. ಹೆಚ್ಚಿನ ಮಕ್ಕಳ ಪ್ರಾಣವನ್ನು ತೆಗೆಯುವುದು ರೋಗಾಣುವಿಗಿಂತ ಹೆಚ್ಚಾಗಿ ಈ ನಿರ್ಜಲೀಕರಣವೇ.

ಹಾಗಾದರೆ ಬರಿಯ ನೀರನ್ನು ಕುಡಿಸಿದರೆ ಸಾಲದೇ? ಸಾಲದು. ಭೇದಿಯಾದಾಗ ಕರುಳು ಬರಿಯ ನೀರನ್ನು ಸರಿಯಾಗಿ ಹೀರಿಕೊಳ್ಳಲಾರದು. ಆದರೆ ಸಕ್ಕರೆಯ ಅಂಶವೂ ಉಪ್ಪಿನ ಅಂಶವೂ ಜೊತೆಯಾಗಿ ಬಂದರೆ, ಎಷ್ಟೇ ಭೇದಿಯಾಗುತ್ತಿದ್ದರೂ ಕರುಳಿನ ಗೋಡೆಯು ಅವೆರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಅವುಗಳನ್ನು ಹಿಂಬಾಲಿಸಿ ನೀರೂ ಒಳಸೇರುತ್ತದೆ. 1968ರಲ್ಲಿ ಢಾಕಾ ನಗರದ ಕಾಲರಾ ಸಂಶೋಧನಾಲಯದ ವೈದ್ಯರು ಇಂತಹ ದ್ರಾವಣವನ್ನು ಕಾಲರಾ ರೋಗಿಗಳಿಗೆ ಬಾಯಿಯ ಮೂಲಕ ಕುಡಿಸಿ, ರಕ್ತನಾಳಕ್ಕೆ ಕೊಡುವ ದ್ರವದ ಅಗತ್ಯವು ಬಹಳಷ್ಟು ಕಡಿಮೆಯಾಗುವುದೆಂದು ತೋರಿಸಿದರು.

1971ರ ಬನಗಾಂವ್ ಶಿಬಿರ

ಇಂದಿನ ಬಾಂಗ್ಲಾದೇಶವು ಆಗ ಪೂರ್ವ ಪಾಕಿಸ್ತಾನವಾಗಿತ್ತು. 1970ರ ನವೆಂಬರಿನಲ್ಲಿ ಭೀಕರ ಚಂಡಮಾರುತವು ಅಲ್ಲಿ ಲಕ್ಷಗಟ್ಟಲೆ ಜನರ ಪ್ರಾಣವನ್ನು ತೆಗೆದುಕೊಂಡಿತು. ಮರುವರ್ಷ ಯುದ್ಧ ನಡೆಯಿತು. ಸುಮಾರು ಒಂದು ಕೋಟಿ ಜನರು ಮನೆಮಠ ತೊರೆದು ಭಾರತಕ್ಕೆ ಬಂದರು. ಮಳೆಗಾಲದ ಕೆಸರಿನಲ್ಲಿ, ಕಿಕ್ಕಿರಿದ ಶಿಬಿರಗಳಲ್ಲಿ ಕಾಲರಾ ಹರಡಿತು.

ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿಗೆ ಕಲ್ಕತ್ತೆಯಿಂದ ಡಾ. ದಿಲೀಪ್ ಮಹಲನಬೀಸ್ ಎಂಬ ವೈದ್ಯರು ತಮ್ಮ ತಂಡದೊಡನೆ ಬಂದರು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು ಮಲಗಿದ್ದರು. ರಕ್ತನಾಳಕ್ಕೆ ಕೊಡುವ ದ್ರವದ ದಾಸ್ತಾನು ಮುಗಿಯುತ್ತ ಬಂದಿತ್ತು. ಆಗ ಅವರು ಗ್ಲೂಕೋಸ್, ಅಡುಗೆ ಉಪ್ಪು ಮತ್ತು ಅಡುಗೆ ಸೋಡಾಗಳನ್ನು ಅಳತೆಯಂತೆ ಬೆರೆಸಿ, ಡ್ರಮ್ಮುಗಳಲ್ಲಿ ನೀರಿಗೆ ಕದಡಿ, ರೋಗಿಗಳ ಬಂಧುಗಳ ಕೈಗೇ ಲೋಟಗಳನ್ನು ಕೊಟ್ಟು ಕುಡಿಸಲು ಹೇಳಿದರು. ದಾದಿಯರ ಕೊರತೆಯನ್ನು ತಾಯಿತಂದೆಯರೂ ಅಕ್ಕತಂಗಿಯರೂ ತುಂಬಿದರು. ಅದಕ್ಕೆ ಮೊದಲು ಶಿಬಿರಗಳಲ್ಲಿ ಕಾಲರಾ ತಗಲಿದ ನೂರು ಮಂದಿಯಲ್ಲಿ ಮೂವತ್ತರಷ್ಟು ಮಂದಿ ಸಾಯುತ್ತಿದ್ದರು. ಈ ಚಿಕಿತ್ಸೆ ಪಡೆದ ಸುಮಾರು 3,700 ರೋಗಿಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ 3.6ಕ್ಕೆ ಇಳಿಯಿತು. ಡಾ. ಮಹಲನಬೀಸರು 2022ರಲ್ಲಿ ನಿಧನ ಹೊಂದಿದರು. 2023ರಲ್ಲಿ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನು ನೀಡಿ ಗೌರವಿಸಿತು.

ಬನಗಾಂವ್‌ನಿಂದ ಜಗತ್ತು ಕಲಿತ ಪಾಠವಿದು: ಓದುಬರಹ ಬಾರದ ತಾಯಿಯೂ ತನ್ನ ಮಗುವಿಗೆ ತಾನೇ ಈ ಚಿಕಿತ್ಸೆಯನ್ನು ಕೊಡಬಲ್ಲಳು.

ಮನೆಮನೆಗೆ ಹೋದ ಕಾರ್ಯಕರ್ತೆಯರು

ಯುದ್ಧದ ನಂತರ ಹುಟ್ಟಿದ ಬಾಂಗ್ಲಾದೇಶವು ಕಡುಬಡತನದಲ್ಲಿತ್ತು. 1974ರಲ್ಲಿ ಕ್ಷಾಮ ಬಂದಿತು. ಹುಟ್ಟಿದ ಸಾವಿರ ಮಕ್ಕಳಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಹಳ್ಳಿಗಳಿಗೆ ವೈದ್ಯರಿರಲಿಲ್ಲ, ರಸ್ತೆಗಳೂ ಸಾಕಷ್ಟಿರಲಿಲ್ಲ. ಪ್ರತಿ ಮನೆಗೂ ಔಷಧದ ಪೊಟ್ಟಣವನ್ನು ತಲುಪಿಸುವುದು ಆಗ ಸಾಧ್ಯವಿರಲಿಲ್ಲ.

1972ರಲ್ಲಿ ಫಜ್ಲೆ ಹಸನ್ ಅಬೇದ್ ಎಂಬುವರು ಸ್ಥಾಪಿಸಿದ ‘ಬ್ರಾಕ್’ ಎಂಬ ಸಂಸ್ಥೆಯು ಇದಕ್ಕೊಂದು ದಾರಿಯನ್ನು ಹುಡುಕಿತು. ಪೊಟ್ಟಣ ತಲುಪದಿದ್ದರೆ ತಿಳಿವಳಿಕೆಯನ್ನು ತಲುಪಿಸೋಣ ಎಂದು ನಿಶ್ಚಯಿಸಿತು. ಮೂರು ಬೆರಳುಗಳಿಂದ ಹಿಡಿದ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು, ಅಂದರೆ ಹೆಚ್ಚು ಕಡಿಮೆ ಅರ್ಧ ಲೀಟರ್. ಇದೇ ಅವರ ಔಷಧ. ತರಬೇತಿ ಪಡೆದ ಮಹಿಳೆಯರು ಹಳ್ಳಿಯಿಂದ ಹಳ್ಳಿಗೆ ನಡೆದು, ಮನೆಯಂಗಳದಲ್ಲಿ ಕುಳಿತು ಮಾತೃವರ್ಗಕ್ಕೆ ಕಲಿಸಿದರು. ನೆನಪಿಡಬೇಕಾದ ಅಂಶಗಳನ್ನು ಏಳಕ್ಕೆ ಇಳಿಸಿದರು. ಬಳಿಕ ತಾಯಿಯ ಕೈಯಿಂದಲೇ ದ್ರಾವಣವನ್ನು ಮಾಡಿಸಿದರು. ಕೆಲವು ವಾರಗಳ ನಂತರ ಬೇರೆ ಪರೀಕ್ಷಕರು ಬಂದು, ಕೆಲವು ಮನೆಗಳನ್ನು ಆರಿಸಿ, ತಾಯಂದಿರನ್ನು ಪ್ರಶ್ನಿಸುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದಕ್ಕೆ ತಕ್ಕಂತೆ ಕಲಿಸಿದವಳಿಗೆ ಸಂಬಳ! ಆದುದರಿಂದ ಯಾರೂ ಕಾಟಾಚಾರಕ್ಕೆ ಕಲಿಸುವಂತಿರಲಿಲ್ಲ. 1980ರಿಂದ 1990ರ ವರೆಗಿನ ಹತ್ತು ವರ್ಷಗಳಲ್ಲಿ ಅವರು ತಲುಪಿದ ಮನೆಗಳು 1 ಕೋಟಿ 20 ಲಕ್ಷಕ್ಕೂ ಹೆಚ್ಚು.

ಅವರು ಎದುರಿಸಿದ ಮೂರು ತೊಡಕುಗಳು

ಈ ಕಾರ್ಯವು ಮೊದಲಿನಿಂದಲೇ ಸುಗಮವಾಗಿ ನಡೆಯಲಿಲ್ಲ. ಅದರಲ್ಲಿ ಬಂದ ತೊಡಕುಗಳು ನಮ್ಮ ಮನೆಗಳಲ್ಲಿಯೂ ಇರುವಂತಹವೇ.

ಮೊದಲನೆಯದು ನಂಬಿಕೆಯ ಕೊರತೆ. ತಾಯಂದಿರು ಪಾಠವನ್ನು ಒಪ್ಪಿಸುತ್ತಿದ್ದರು, ಆದರೆ ಮಗುವಿಗೆ ಭೇದಿಯಾದಾಗ ಬಳಸುತ್ತಿದ್ದವರು ಕೆಲವರೇ. ವಿಚಾರಿಸಿದಾಗ, ಕಲಿಸುವ ಕಾರ್ಯಕರ್ತೆಯರಲ್ಲಿಯೇ ಕೆಲವರಿಗೆ ಉಪ್ಪು ಬೆಲ್ಲದ ನೀರಿನಲ್ಲಿ ನಂಬಿಕೆ ಇಲ್ಲವೆಂದು ತಿಳಿದುಬಂದಿತು. ತಾವು ಭೇದಿಯಾದಾಗ ಕುಡಿಯದುದನ್ನು ಇತರರಿಗೆ ಕುಡಿಯಿರೆಂದರೆ ಯಾರು ಕೇಳಿಯಾರು? ಅನಂತರ ಕಾರ್ಯಕರ್ತೆಯರಿಗೆ ದ್ರಾವಣವು ಕೆಲಸ ಮಾಡುವ ಬಗೆಯನ್ನು ಚೆನ್ನಾಗಿ ಮನದಟ್ಟು ಮಾಡಿಸಲಾಯಿತು.

ಎರಡನೆಯದು ಹೆಸರಿನ ಗೊಂದಲ. ಅಲ್ಲಿಯ ಹಳ್ಳಿಗರು ಭೇದಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಿದ್ದರು. ಎಳೆಗೂಸಿನ ಹಾಲಿನ ಭೇದಿ ಒಂದು, ಅಜೀರ್ಣದ್ದು ಇನ್ನೊಂದು, ಆಮಶಂಕೆ ಮತ್ತೊಂದು. ಕಾಲರಾದಂತೆ ನೀರು ನೀರಾಗಿ ಹೋಗುವುದನ್ನು ಮಾತ್ರ ಅವರು ‘ಡಯರಿಯಾ’ ಎನ್ನುತ್ತಿದ್ದರು. ಆದ್ದರಿಂದ ಡಯರಿಯಾಕ್ಕೆ ಈ ನೀರನ್ನು ಕೊಡಿರಿ ಎಂದಾಗ ಉಳಿದ ಮೂರು ಬಗೆಗಳಿಗೆ ಅವರು ಕೊಡಲೇ ಇಲ್ಲ. ನಮ್ಮಲ್ಲಿಯೂ ಹಲ್ಲು ಬರುವ ಭೇದಿ, ದೃಷ್ಟಿಯ ಭೇದಿ, ಉಷ್ಣದ ಭೇದಿ ಎಂದು ಹೇಳುವುದುಂಟು. ಹೆಸರು ಏನೇ ಇರಲಿ, ಹೊರಹೋಗುವ ನೀರು ಒಂದೇ. ಎಲ್ಲಕ್ಕೂ ದ್ರಾವಣವನ್ನು ಕೊಡಲೇಬೇಕು.

ಮೂರನೆಯದು ಗಂಡಸರ ಒಪ್ಪಿಗೆ. ಮೊದಮೊದಲು ಹೆಂಗಸರಿಗೆ ಮಾತ್ರ ಪಾಠ ಹೇಳಲಾಯಿತು. ಏನು ನಡೆಯುತ್ತಿದೆಯೆಂದು ಗಂಡಸರಿಗೆ ತಿಳಿಯದ ಮನೆಗಳಲ್ಲಿ ಕಲಿತುದು ಕಾರ್ಯಕ್ಕೆ ಬರಲಿಲ್ಲ. ಹೊರಗಿನವರು ಬಂದು ಹೇಳಿಕೊಟ್ಟುದನ್ನು ಗಂಡನೂ ಹಿರಿಯರೂ ಒಪ್ಪದಿದ್ದರೆ ಸೊಸೆಯಾದವಳು ಏನು ಮಾಡಿಯಾಳು? ಆಮೇಲೆ ಪುರುಷರನ್ನು ಸಂತೆ, ಮಸೀದಿ, ಶಾಲೆಗಳಲ್ಲಿ ಕಂಡು ವಿವರಿಸಲಾಯಿತು. ಆಗ ಬಳಕೆ ಹೆಚ್ಚಿತು. ಈ ಪುಸ್ತಿಕೆಯನ್ನು ಪತಿಪತ್ನಿಯರು ಒಟ್ಟಿಗೆ ಓದಬೇಕೆಂದು ಕೋರುವುದು ಇದೇ ಕಾರಣದಿಂದ.

ಮುಂದೆ ಅಲ್ಲಿ ತಯಾರಾದ ಪೊಟ್ಟಣಗಳು ಹಳ್ಳಿಯ ಅಂಗಡಿಗಳಿಗೂ ಬಂದವು. 2014ರ ಸಮೀಕ್ಷೆಯ ಹೊತ್ತಿಗೆ ಬಾಂಗ್ಲಾದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಈ ದ್ರಾವಣವು ದೊರೆಯುತ್ತಿತ್ತು. ನಮ್ಮ ಭಾರತದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭೇದಿಯಾದ ಹತ್ತು ಮಕ್ಕಳಲ್ಲಿ ದ್ರಾವಣ ದೊರೆತುದು ಸುಮಾರು ಆರು ಮಕ್ಕಳಿಗೆ. ಉಳಿದ ನಾಲ್ಕು ಮಕ್ಕಳು ಯಾರ ಮನೆಯವರು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಮಾಡತಕ್ಕದ್ದು

ಚಿಟಿಕೆ ಮತ್ತು ಹಿಡಿಯ ಅಳತೆ ಒಬ್ಬೊಬ್ಬರ ಕೈಗೆ ಒಂದೊಂದಾಗುತ್ತದೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಇಂದು ಓ.ಆರ್.ಎಸ್. ಪೊಟ್ಟಣಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆಶಾ ಕಾರ್ಯಕರ್ತೆಯ ಬಳಿಯೂ ಉಚಿತವಾಗಿ ದೊರೆಯುವುದರಿಂದ ಅವುಗಳನ್ನೇ ಬಳಸುವುದು ಲೇಸು. ಎರಡು ಪೊಟ್ಟಣಗಳು ಸದಾ ಮನೆಯಲ್ಲಿರಲಿ.

1. ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಿರಿ. ಕಾಯಿಸಿ ಆರಿಸಿದ ನೀರನ್ನು ಶುದ್ಧವಾದ ಪಾತ್ರೆಗೆ ಅಳೆದು ಹಾಕಿರಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಮುದ್ರಿಸಿದಷ್ಟು ನೀರು.

2. ಪೊಟ್ಟಣದ ಪುಡಿಯನ್ನೆಲ್ಲ ಒಮ್ಮೆಗೇ ಹಾಕಿ ಕದಡಿರಿ. ಹಾಲು, ಸೋಡಾ, ಹೆಚ್ಚಿನ ಸಕ್ಕರೆ ಏನನ್ನೂ ಸೇರಿಸಬೇಡಿರಿ. ಬೆರೆಸಿದ ಮೇಲೆ ಕಾಯಿಸಬೇಡಿರಿ.

3. ಪೊಟ್ಟಣ ಸಿಗುವವರೆಗೆ, ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ತಲೆ ತಟ್ಟಿದ ಆರು ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪನ್ನು ಬೆರೆಸಿ ಕೊಡಬಹುದು. ಮೊದಲು ನೀವೇ ರುಚಿ ನೋಡಿರಿ. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿರಿ.

4. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗ ಕಾಲು ಲೋಟದಿಂದ ಅರ್ಧ ಲೋಟ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಲೋಟ ಕೊಡಿರಿ. ಚಿಕ್ಕ ಮಗುವಿಗೆ ಚಮಚದಿಂದ ನಿಧಾನವಾಗಿ ಕುಡಿಸಿರಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಇನ್ನೂ ನಿಧಾನವಾಗಿ ಕೊಡಿರಿ.

5. ಮಾಡಿದ ದ್ರಾವಣವನ್ನು ಮುಚ್ಚಿಡಿರಿ. 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಿ ಹೊಸದನ್ನು ಮಾಡಿರಿ.

6. ಎದೆಹಾಲನ್ನು ನಿಲ್ಲಿಸಬಾರದು, ಇನ್ನೂ ಹೆಚ್ಚು ಸಲ ಕೊಡಬೇಕು. ಊಟ ಮಾಡುವ ಮಗುವಿಗೆ ಗಂಜಿ, ಮೆತ್ತಗಿನ ಅನ್ನ, ಬೇಳೆ, ಬಾಳೆಹಣ್ಣು ಮೊದಲಾದುವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ. ಹೊಟ್ಟೆಗೆ ಹಾಕದೆ ಒಣಗಿಸಿದರೆ ಮಗು ಸೊರಗಿ, ಮುಂದಿನ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ.

7. ಜಿಂಕ್ ಮಾತ್ರೆಯನ್ನು 14 ದಿನ ಕೊಡಿರಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಮಾತ್ರೆ ಒಂದು, ಎರಡರಿಂದ ಆರು ತಿಂಗಳ ಮಗುವಿಗೆ ಅರ್ಧ. ಭೇದಿ ನಿಂತಿತೆಂದು ಮಧ್ಯದಲ್ಲಿ ಬಿಡಬಾರದು. ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿಯಾಗುವ ಸಂಭವವನ್ನು ಇದು ಕಡಿಮೆ ಮಾಡುತ್ತದೆ.

ಭೇದಿಯನ್ನು ಕಟ್ಟಿಸುವ ಮಾತ್ರೆಗಳನ್ನು ಅಂಗಡಿಯಿಂದ ತಂದು ಮಕ್ಕಳಿಗೆ ಕೊಡಲೇಬಾರದು. ದ್ರಾವಣವನ್ನು ಕೊಟ್ಟ ಕೂಡಲೇ ಭೇದಿ ನಿಲ್ಲುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಭೇದಿಯು ತನ್ನ ಕಾಲಕ್ಕೆ ನಿಲ್ಲುತ್ತದೆ. ಅಲ್ಲಿಯವರೆಗೆ ಮಗುವಿನ ಪ್ರಾಣವನ್ನು ಕಾಯುವುದೇ ದ್ರಾವಣದ ಕೆಲಸ.

ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಚಿಹ್ನೆಗಳು

ಕಣ್ಣುಗಳು ಗುಳಿಬೀಳುವುದು, ಎಳೆಗೂಸಿನ ನೆತ್ತಿ ಕುಸಿಯುವುದು, ಹೊಟ್ಟೆಯ ಚರ್ಮವನ್ನು ಎತ್ತಿ ಬಿಟ್ಟಾಗ ಅದು ನಿಧಾನವಾಗಿ ಹಿಂದಕ್ಕೆ ಹೋಗುವುದು, ಮಗು ಮಂಕಾಗಿ ಕುಡಿಯಲಾರದೆ ಹೋಗುವುದು, ಎಲ್ಲವನ್ನೂ ವಾಂತಿ ಮಾಡುವುದು, ಮಲದಲ್ಲಿ ರಕ್ತ ಕಾಣುವುದು, ಹೆಚ್ಚಿನ ಜ್ವರ. ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ಹೊರಡಬೇಕು. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಚಿಹ್ನೆಗಳಿಗಾಗಿ ಕಾಯದೆ ವೈದ್ಯರಿಗೆ ತೋರಿಸಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಬೇಕು. ಮಗು ಕುಡಿಯಬಲ್ಲುದಾದರೆ ದಾರಿಯುದ್ದಕ್ಕೂ ದ್ರಾವಣವನ್ನು ಕುಡಿಸುತ್ತಲೇ ಇರಬೇಕು.

ರೋಗ ಬಾರದಂತೆ ತಡೆಯುವುದು

ಭೇದಿಯ ರೋಗಾಣುಗಳು ಮಲದಿಂದ ಹೊರಟು ಕೈ, ನೊಣ, ನೀರು, ಆಹಾರಗಳ ಮೂಲಕ ಬಾಯಿಯನ್ನು ಸೇರುತ್ತವೆ. ಈ ದಾರಿಯನ್ನು ಕಡಿಯುವುದೇ ತಡೆಗಟ್ಟುವಿಕೆ. ಮನೆಯ ಎಲ್ಲರೂ ಶೌಚಾಲಯವನ್ನು ಬಳಸಬೇಕು. ಚಿಕ್ಕ ಮಕ್ಕಳ ಮಲವನ್ನೂ ಶೌಚಾಲಯಕ್ಕೇ ಹಾಕಬೇಕು. ಶೌಚದ ನಂತರವೂ ಅಡುಗೆ ಮಾಡುವ, ಉಣ್ಣುವ ಹಾಗೂ ಉಣಿಸುವ ಮೊದಲೂ ಸಾಬೂನಿನಿಂದ ಕೈ ತೊಳೆಯಬೇಕು. ಇದೊಂದರಿಂದಲೇ ಭೇದಿಯ ಪ್ರಸಂಗಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲನ್ನು ತಪ್ಪಿಸಬಹುದು. ಮೊದಲ ಆರು ತಿಂಗಳು ಎದೆಹಾಲನ್ನು ಬಿಟ್ಟು ಬೇರೇನನ್ನೂ ಕೊಡಬಾರದು. ಭೇದಿಗೆ ಮುಖ್ಯ ಕಾರಣವಾದ ರೋಟಾ ವೈರಾಣುವಿನ ವಿರುದ್ಧದ ಲಸಿಕೆಯು 2016ರಿಂದ ಹಂತಹಂತವಾಗಿ ನಮ್ಮ ದೇಶದ ಲಸಿಕಾ ಕಾರ್ಯಕ್ರಮಕ್ಕೆ ಸೇರಿದೆ. 6, 10 ಮತ್ತು 14ನೆಯ ವಾರಗಳಲ್ಲಿ ಅದನ್ನು ಬಾಯಿಯ ಮೂಲಕ ಉಚಿತವಾಗಿ ಹಾಕಿಸಬೇಕು.

ನೀರಿನ ವಿಷಯದಲ್ಲಿ ಬಾಂಗ್ಲಾದೇಶವು ಇನ್ನೊಂದು ಪಾಠವನ್ನೂ ಕಲಿಸಿದೆ. ಕೆರೆಯ ಕೊಳಕು ನೀರಿನಿಂದ ಭೇದಿ ಬರುವುದೆಂದು ಅಲ್ಲಿ ಲಕ್ಷಗಟ್ಟಲೆ ಕೊಳವೆಬಾವಿಗಳನ್ನು ಕೊರೆಸಲಾಯಿತು. ಅವುಗಳಲ್ಲಿ ಹಲವದರ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷಾಂಶವಿರುವುದು 1993ರಲ್ಲಿ ಬೆಳಕಿಗೆ ಬಂದಿತು. ತಿಳಿಯಾಗಿ ಕಾಣುವ ನೀರೆಲ್ಲವೂ ಶುದ್ಧವಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಜಿಲ್ಲೆಗಳ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ ಊರಿನ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸುವಂತೆ ಗ್ರಾಮ ಪಂಚಾಯಿತಿಯನ್ನು ಕೇಳುವುದು ಪ್ರತಿಯೊಬ್ಬರ ಹಕ್ಕೂ ಕರ್ತವ್ಯವೂ ಆಗಿದೆ.

ಇದಕ್ಕೂ ಚಿಕ್ಕ ಕುಟುಂಬಕ್ಕೂ ಏನು ಸಂಬಂಧ?

ಹಿಂದೆ ಹಿರಿಯರು, “ನಾಲ್ಕು ಹೆತ್ತರೆ ಎರಡಾದರೂ ಉಳಿದಾವು” ಎನ್ನುತ್ತಿದ್ದರು. ಮಕ್ಕಳು ಉಳಿಯುವ ಭರವಸೆಯಿಲ್ಲದ ಕಾಲದಲ್ಲಿ ಅದು ಸಹಜವಾದ ಮಾತಾಗಿತ್ತು. 1970ರ ದಶಕದಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬಳು ಸರಾಸರಿ ಆರಕ್ಕೂ ಹೆಚ್ಚು ಮಕ್ಕಳನ್ನು ಹೆರುತ್ತಿದ್ದಳು. 2011ರ ವೇಳೆಗೆ ಆ ಸರಾಸರಿಯು 2.3ಕ್ಕೆ ಇಳಿಯಿತು. ಐದು ವರ್ಷದೊಳಗಿನ ಮಕ್ಕಳ ಸಾವು 2020ರ ಹೊತ್ತಿಗೆ ಸಾವಿರಕ್ಕೆ ಮೂವತ್ತರ ಆಸುಪಾಸಿಗೆ ಬಂದಿತು. ಉಪ್ಪು ಬೆಲ್ಲದ ನೀರು ಒಂದರಿಂದಲೇ ಇದೆಲ್ಲ ಆಯಿತೆನ್ನಲಾಗದು. ಲಸಿಕೆಗಳು, ಹೆಣ್ಣುಮಕ್ಕಳ ಶಿಕ್ಷಣ, ಮನೆಬಾಗಿಲಿಗೆ ಕುಟುಂಬ ಯೋಜನೆಯ ಸಾಧನಗಳನ್ನು ತಂದುಕೊಟ್ಟ ಕಾರ್ಯಕರ್ತೆಯರು, ಎಲ್ಲವೂ ಸೇರಿ ಕೆಲಸ ಮಾಡಿದವು. ಹುಟ್ಟಿದ ಮಗು ಉಳಿಯುವುದೆಂಬ ನಂಬಿಕೆ ಮೂಡಿದಾಗ ದಂಪತಿಗಳು ತಾವಾಗಿಯೇ ಚಿಕ್ಕ ಕುಟುಂಬವನ್ನು ಬಯಸುತ್ತಾರೆ.

ಇದರ ಇನ್ನೊಂದು ಮುಖವೂ ಇದೆ. ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿದ್ದರೆ ಮೊದಲ ಮಗುವಿಗೆ ಎದೆಹಾಲು ಸಾಕಷ್ಟು ಕಾಲ ದೊರೆಯುತ್ತದೆ. ತಾಯಿಯ ರಕ್ತಹೀನತೆ ನೀಗುತ್ತದೆ. ರೋಗ ಬಂದ ಮಗುವಿನ ಪಕ್ಕದಲ್ಲಿ ಕುಳಿತು, ಚಮಚ ಚಮಚವಾಗಿ ನೀರು ಕುಡಿಸಲು ಆಕೆಗೆ ಶಕ್ತಿಯೂ ಬಿಡುವೂ ಇರುತ್ತವೆ. ಅಂತರಕ್ಕಾಗಿ ವಂಕಿ, ಮಾತ್ರೆ, ಚುಚ್ಚುಮದ್ದು, ನಿರೋಧ್ ಮೊದಲಾದುವು ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ದೊರೆಯುತ್ತವೆ. ಯಾವುದು ಹೊಂದುವುದೆಂಬುದನ್ನು ಇಬ್ಬರೂ ಕೂಡಿ ವಿಚಾರಿಸಿ ನಿರ್ಧರಿಸಬೇಕು.

ಕೊನೆಯ ಮಾತು

ನಾವು ಊಹಿಸಿಕೊಂಡ ಮನೆಗೆ ಹಿಂದಿರುಗೋಣ. ಹೊಲದಿಂದ ಬಂದ ಗಂಡನು ಮಗುವಿನ ಸ್ಥಿತಿಯನ್ನು ನೋಡಿ, ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ಪೊಟ್ಟಣಗಳನ್ನು ತರುತ್ತಾನೆ. ಹೆಂಡತಿ ನೀರನ್ನು ಅಳೆದು ಕದಡುತ್ತಾಳೆ. ಗಂಡನು, “ಅವ್ವಾ, ನೀನೇ ರುಚಿ ನೋಡು. ಬಳಿಕ ನಿನ್ನ ಕೈಯಿಂದಲೇ ಕುಡಿಸು” ಎನ್ನುತ್ತಾನೆ. ಅಜ್ಜಿಯು ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಮಚವನ್ನು ಎತ್ತಿಕೊಳ್ಳುತ್ತಾಳೆ. ರಾತ್ರಿಯಿಡೀ ಮೂವರೂ ಸರದಿಯಂತೆ ಎಚ್ಚರವಿದ್ದು ಕುಡಿಸುತ್ತಾರೆ. ಬೆಳಗಿನ ಜಾವ ಮಗು ಮೂತ್ರ ಮಾಡುತ್ತದೆ, ಕಣ್ಣು ತೆರೆದು ತಾಯಿಯನ್ನು ಹುಡುಕುತ್ತದೆ. ಮೂತ್ರವಾಯಿತೆಂದರೆ ದೇಹಕ್ಕೆ ನೀರು ಸೇರಿತೆಂದು ಅರ್ಥ. ಇಂತಹ ಬೆಳಗು ಪ್ರತಿ ಮನೆಗೂ ದೊರೆಯಲಿ.

ಅಭ್ಯಾಸದ ಪ್ರಶ್ನೆಗಳು (ಪತಿಪತ್ನಿಯರು ಪರಸ್ಪರ ಕೇಳಿಕೊಳ್ಳಿರಿ)

1. ಭೇದಿಯಾದ ಮಗುವಿಗೆ ನೀರನ್ನು ಏಕೆ ನಿಲ್ಲಿಸಬಾರದು?
2. ನಿಮ್ಮ ಮನೆಯ ಯಾವ ಪಾತ್ರೆಯು ಒಂದು ಲೀಟರ್ ಅಳತೆಯದು?
3. ಓ.ಆರ್.ಎಸ್. ಪೊಟ್ಟಣ ಮತ್ತು ಜಿಂಕ್ ಮಾತ್ರೆ ನಿಮ್ಮೂರಿನಲ್ಲಿ ಯಾರ ಬಳಿ ದೊರೆಯುತ್ತವೆ?
4. ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾದ ಚಿಹ್ನೆಗಳಲ್ಲಿ ನಾಲ್ಕನ್ನು ಹೇಳಿರಿ.
5. ನಿಮ್ಮ ಮನೆಯ ಹಿರಿಯರಿಗೆ ಈ ಪಾಠವನ್ನು ಓದಿ ಹೇಳಿದ್ದೀರಾ?